ಒಂದು ಸೂತ್ರ, ಹಲವು ಚಲನೆ: ಚಿಕ್ಕೇರೂರು ಸೀಮೆಯ ದೃಶ್ಯಸಂಯೋಜನಾ ಕಲಿಕಾರ್ಥಿಗಳಿಗೆ ಬಹಿರಂಗ ಪತ್ರ

ಚಿಕ್ಕೇರೂರು ಹಾಗೂ ಹಿರೇಕೆರೂರು, ಹಾನಗಲ್, ಶಿಗ್ಗಾವಿ, ಸವಣೂರು ತಾಲ್ಲೂಕುಗಳಲ್ಲಿ ವಿಷುಯಲ್ ಎಫೆಕ್ಟ್ಸ್ ಕಲಿಯುತ್ತಿರುವ ಯುವಜನರಿಗೆ ಮತ್ತು ಅವರಿಗೆ ಕಲಿಸುತ್ತಿರುವವರಿಗೆ,



ಕ್ಯಾಮೆರಾ ಸೆರೆಹಿಡಿದ ದೃಶ್ಯ, ಕಂಪ್ಯೂಟರಿನಲ್ಲಿ ರಚಿಸಿದ ಆಕೃತಿ, ಬರೆದ ಅಕ್ಷರ, ಧೂಳು, ಹೊಗೆ, ಬೆಳಕು ಇವೆಲ್ಲವನ್ನೂ ಒಂದೇ ಕ್ಯಾಮೆರಾ ಒಂದೇ ಗಳಿಗೆಯಲ್ಲಿ ಕಂಡಿತೆಂಬಂತೆ ಬೆಸೆಯುವ ವಿದ್ಯೆಗೆ ಕಂಪೋಸಿಟಿಂಗ್ ಅಥವಾ ದೃಶ್ಯಸಂಯೋಜನೆ ಎಂದು ಹೆಸರು. ಈ ಬೆಸುಗೆಯಲ್ಲಿ ಎರಡು ಬಗೆಗಳಿವೆ. ಅಂಚು, ಬಣ್ಣ, ನೆರಳು, ಬೆಳಕಿನ ದಿಕ್ಕು ಇವುಗಳನ್ನು ಹೊಂದಿಸುವುದು ಸ್ಥಳದ ಬೆಸುಗೆಯಾದರೆ, ಯಾವುದು ಯಾವಾಗ ಚಲಿಸಬೇಕು, ಎಷ್ಟು ವೇಗದಲ್ಲಿ ಚಲಿಸಬೇಕು, ಯಾವುದು ಯಾವುದಕ್ಕಿಂತ ಎಷ್ಟು ತಡವಾಗಿ ಚಲಿಸಬೇಕು ಎಂಬುದನ್ನು ಹೊಂದಿಸುವುದು ಕಾಲದ ಬೆಸುಗೆ. ಕಲಿಕೆಯ ಆರಂಭದಲ್ಲಿ ಮೊದಲನೆಯದಕ್ಕೆ ದೊರೆಯುವ ಗಮನ ಎರಡನೆಯದಕ್ಕೆ ದೊರೆಯುವುದಿಲ್ಲ. ಆದರೆ ಬಣ್ಣದ ಚಿಕ್ಕ ದೋಷವನ್ನು ಕ್ಷಮಿಸುವ ಪ್ರೇಕ್ಷಕನ ಕಣ್ಣು ಕಾಲದ ಚಿಕ್ಕ ದೋಷವನ್ನು ಕ್ಷಮಿಸುವುದಿಲ್ಲ. ಹಲವು ನೋಡ್‌ಗಳಲ್ಲಿ (ತಂತ್ರಾಂಶದೊಳಗೆ ಒಂದೊಂದೇ ಕೆಲಸ ಮಾಡುವ ಪೆಟ್ಟಿಗೆಗಳಲ್ಲಿ) ಹಂಚಿಹೋಗಿರುವ ಚಲನೆಗಳನ್ನು ಒಂದೇ ಲಯಕ್ಕೆ ತರುವ ಕ್ರಮವೇನು ಎಂಬುದನ್ನು ವಿವರಿಸಿ, ಆ ಕ್ರಮವನ್ನು ಕಲಿಕೆಯ ಮೊದಲ ದಿನಗಳಿಂದಲೇ ರೂಢಿಸಿಕೊಳ್ಳಬೇಕೆಂದು ಒತ್ತಾಯಿಸುವುದಕ್ಕಾಗಿ ಈ ಪತ್ರವನ್ನು ಬರೆಯಲಾಗಿದೆ.

ಕಾಲವನ್ನು ಹೊಂದಿಸುವ ಸಮಸ್ಯೆಯು ಕಂಪ್ಯೂಟರಿನೊಂದಿಗೆ ಹುಟ್ಟಿದುದಲ್ಲ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ, 1977ರಲ್ಲಿ ತೆರೆಕಂಡ ‘ಬಬ್ರುವಾಹನ’ ಚಿತ್ರದಲ್ಲಿ ರಾಜ್‌ಕುಮಾರ್ ಅವರು ಅರ್ಜುನನೂ ಬಬ್ರುವಾಹನನೂ ಆಗಿ ಒಂದೇ ಚೌಕಟ್ಟಿನಲ್ಲಿ ಎದುರುಬದುರು ನಿಲ್ಲುತ್ತಾರೆ. ಅಂದಿನ ಮಾಸ್ಕ್ ಪದ್ಧತಿಯಲ್ಲಿ ಮಸೂರದ ಒಂದು ಭಾಗವನ್ನು ಮುಚ್ಚಿ ಚಿತ್ರೀಕರಿಸಿ, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮತ್ತೊಂದು ಭಾಗವನ್ನು ಮುಚ್ಚಿ ಪುನಃ ಚಿತ್ರೀಕರಿಸಬೇಕಾಗಿತ್ತು; ಆದ್ದರಿಂದ ಎರಡನೆಯ ಸಲ ನಟಿಸುವ ನಟನು ಅಲ್ಲಿಲ್ಲದ ಎದುರಾಳಿಯ ಮಾತಿಗೂ ನೋಟಕ್ಕೂ ಸರಿಯಾದ ಕ್ಷಣದಲ್ಲಿ ಪ್ರತಿಕ್ರಿಯಿಸಬೇಕಿತ್ತು. ಮುಂದೆ 2016ರಲ್ಲಿ ಬಂದ ‘ನಾಗರಹಾವು’ ಚಿತ್ರದಲ್ಲಿ, 2009ರಲ್ಲಿ ನಿಧನರಾಗಿದ್ದ ವಿಷ್ಣುವರ್ಧನ್ ಅವರ ರೂಪವನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿದಾಗಲೂ ಮುಖ್ಯ ಸವಾಲು ಇದೇ ಆಗಿತ್ತು: ಬೇರೊಬ್ಬರ ದೇಹದ ಮೇಲೆ ಕೂರಿಸಿದ ಮುಖವು ಆ ದೇಹದ ಪ್ರತಿಯೊಂದು ಅಲುಗಾಟವನ್ನೂ ಒಂದು ಫ್ರೇಮ್ ಕೂಡ ತಪ್ಪದೆ ಹಿಂಬಾಲಿಸಬೇಕು. ಉಪಕರಣ ಬದಲಾದರೂ ಪ್ರಶ್ನೆ ಬದಲಾಗಿಲ್ಲ. ಬದಲಾದುದೆಂದರೆ, ಅಂದು ನಟನ ಎಣಿಕೆಯಲ್ಲಿದ್ದ ಲೆಕ್ಕವನ್ನು ಇಂದು ತಂತ್ರಾಂಶದೊಳಗೆ ಬರೆದಿಡಬೇಕಾಗಿದೆ.

ಇಂದಿನ ಬಹುತೇಕ ವೃತ್ತಿಪರ ಸಂಯೋಜನಾ ತಂತ್ರಾಂಶಗಳು ನೋಡ್‌ಗಳ ಮೇಲೆ ನಿಂತಿವೆ. 1993ರಲ್ಲಿ ಅಮೆರಿಕದ ಡಿಜಿಟಲ್ ಡೊಮೇನ್ ಸಂಸ್ಥೆಯು ತನ್ನ ಸ್ವಂತ ಬಳಕೆಗಾಗಿ ಆರಂಭಿಸಿದ, 2007ರಿಂದ ಲಂಡನ್ನಿನ ಫೌಂಡ್ರಿ ಸಂಸ್ಥೆಯ ಕೈಯಲ್ಲಿ ಬೆಳೆದ ನ್ಯೂಕ್, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹುಟ್ಟಿ 2014ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಸಂಸ್ಥೆಗೆ ಸೇರಿ 2018ರಲ್ಲಿ ಡಾವಿಂಚಿ ರಿಸಾಲ್ವ್‌ನ ಒಂದು ಭಾಗವಾದ ಫ್ಯೂಷನ್, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಬ್ಲೆಂಡರ್ ಇವೆಲ್ಲವೂ ಈ ಮಾದರಿಯವು. ನೋಡ್ ಎಂದರೆ ಒಂದೇ ಒಂದು ಕೆಲಸವನ್ನು ಮಾಡುವ ಚಿಕ್ಕ ಪೆಟ್ಟಿಗೆ. ಒಂದು ಚಿತ್ರವನ್ನು ಓದುತ್ತದೆ, ಇನ್ನೊಂದು ಅದನ್ನು ಮಸುಕಾಗಿಸುತ್ತದೆ, ಮತ್ತೊಂದು ಜರುಗಿಸುತ್ತದೆ, ಮಗದೊಂದು ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಡುತ್ತದೆ. ಹಾವೇರಿ ಜಿಲ್ಲೆಯ ಮದಗದ ಕೆರೆಯನ್ನು ಬಲ್ಲವರಿಗೆ ಈ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ: ಕೆರೆಯ ನೀರು ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಹರಿಯುವಂತೆ ಚಿತ್ರವು ಒಂದು ನೋಡಿನಿಂದ ಇನ್ನೊಂದಕ್ಕೆ ಹರಿಯುತ್ತದೆ. ಆದರೆ ನೀರಿನ ಹರಿವು ಬೇರೆ, ತೂಬನ್ನು ಯಾವಾಗ ಎಷ್ಟು ತೆರೆಯಬೇಕೆಂಬ ಅಪ್ಪಣೆ ಬೇರೆ. ನೋಡ್‌ಗಳ ಜಾಲದಲ್ಲಿಯೂ ಚಿತ್ರದ ಹರಿವು ಒಂದು, ಸಂಖ್ಯೆಗಳ ಹರಿವು ಇನ್ನೊಂದು. ಆರಂಭಿಕರಿಗೆ ಮೊದಲನೆಯದು ಗೆರೆಗಳ ರೂಪದಲ್ಲಿ ಕಣ್ಣಿಗೆ ಕಾಣುತ್ತದೆ. ಚಲನೆಯ ಸಮನ್ವಯವು ಇರುವುದು ಎರಡನೆಯದರಲ್ಲಿ.

ನೋಡಿನಲ್ಲಿರುವ ಗಾತ್ರ, ಸ್ಥಾನ, ಪಾರದರ್ಶಕತೆ, ಮಸುಕಿನ ಪ್ರಮಾಣ ಮೊದಲಾದ ಸಂಖ್ಯೆಗಳು ಕಾಲಕ್ಕೆ ತಕ್ಕಂತೆ ಬದಲಾಗುವುದನ್ನೇ ಅನಿಮೇಷನ್ ಎನ್ನುತ್ತಾರೆ. ಯಾವ ಫ್ರೇಮಿನಲ್ಲಿ ಯಾವ ಬೆಲೆ ಇರಬೇಕೆಂದು ಕಲಾವಿದನು ಗುರುತಿಸಿಟ್ಟ ಬಿಂದುವಿಗೆ ಕೀಫ್ರೇಮ್ ಎಂದೂ, ಎರಡು ಕೀಫ್ರೇಮ್‌ಗಳ ನಡುವಿನ ಬೆಲೆಗಳನ್ನು ತಂತ್ರಾಂಶವು ತಾನೇ ತುಂಬಿಕೊಳ್ಳುವುದಕ್ಕೆ ಇಂಟರ್‌ಪೊಲೇಷನ್ ಎಂದೂ ಹೆಸರು. ಈ ತುಂಬುವಿಕೆ ಸರಳರೇಖೆಯಂತೆ ಇದ್ದರೆ ಚಲನೆಯು ಯಂತ್ರದ್ದಾಗಿ ಕಾಣುತ್ತದೆ. ಪಂಚಮಿಯ ಜೋಕಾಲಿಯನ್ನು ಗಮನಿಸಿದರೆ, ಅದು ಎರಡೂ ತುದಿಗಳಲ್ಲಿ ನಿಧಾನವಾಗಿ ನಡುವಿನಲ್ಲಿ ವೇಗವಾಗಿ ಸಾಗುವುದು ಕಾಣುತ್ತದೆ. ತೂಕವುಳ್ಳ ವಸ್ತುಗಳು ನಿಂತಲ್ಲಿಂದ ಹೊರಟು ಮತ್ತೆ ನಿಲ್ಲುವಾಗ ಸಾಮಾನ್ಯವಾಗಿ ಹೀಗೆಯೇ ಚಲಿಸುತ್ತವೆ. ಸೊನ್ನೆಯಿಂದ ಒಂದಕ್ಕೆ ಏರುವ ಒಂದು ಬೆಲೆಯನ್ನು ‘ಪ’ ಎಂದು ಕರೆದರೆ, ಅದರ ವರ್ಗದ ಮೂರು ಪಟ್ಟಿನಿಂದ ಅದರ ಘನದ ಎರಡು ಪಟ್ಟನ್ನು ಕಳೆದಾಗ ಇಂಥದೇ ಮೃದುವಾದ ಏರಿಕೆ ದೊರೆಯುತ್ತದೆ: ‘ಪ’ 0.25 ಆಗಿದ್ದಾಗ ಫಲ ಸುಮಾರು 0.16, ‘ಪ’ 0.5 ಆಗಿದ್ದಾಗ 0.5, ‘ಪ’ 0.75 ಆಗಿದ್ದಾಗ ಸುಮಾರು 0.84. ಪ್ರೌಢಶಾಲೆಯ ಬೀಜಗಣಿತಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ.

ಸಮನ್ವಯದ ಸಮಸ್ಯೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಈ ಸೀಮೆಯದೇ ಒಂದು ದೃಶ್ಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದೀಪಾವಳಿಯಿಂದ ಮೊದಲ್ಗೊಂಡು ಹಾವೇರಿ ಜಿಲ್ಲೆಯ ಊರೂರುಗಳಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿ ಸರ, ಜೂಲ, ಬಲೂನುಗಳಿಂದ ಸಿಂಗರಿಸಿದ ಹೋರಿಯು ಅಖಾಡದಲ್ಲಿ ಓಡಿ ಬರುತ್ತದೆ. ಅಂಥ ಓಟಗಳ ವಿಡಿಯೊಗಳನ್ನು ಅಭಿಮಾನಿ ಬಳಗಗಳು ಹಾಡು, ಹೆಸರು, ಮಿಂಚುಗಳೊಡನೆ ಸಿದ್ಧಪಡಿಸುವುದೂ ಈಗ ಹಬ್ಬದ ಭಾಗವೇ ಆಗಿದೆ. ಸೆಕೆಂಡಿಗೆ 25 ಫ್ರೇಮ್‌ಗಳಂತೆ ನಾಲ್ಕು ಸೆಕೆಂಡಿನ, ಅಂದರೆ 100 ಫ್ರೇಮ್‌ಗಳ ಒಂದು ಶಾಟ್ ಇದೆಯೆಂದು ಭಾವಿಸೋಣ. ವೃತ್ತಿಪರ ಸ್ಟುಡಿಯೊಗಳಲ್ಲಿ ರೂಢಿಯಿರುವಂತೆ ಫ್ರೇಮ್‌ಗಳ ಎಣಿಕೆಯನ್ನು 1001ರಿಂದ ಆರಂಭಿಸಿದರೆ ಶಾಟ್ 1100ಕ್ಕೆ ಮುಗಿಯುತ್ತದೆ. 1040ನೆಯ ಫ್ರೇಮಿನಲ್ಲಿ ಹೋರಿಯ ಮುಂಗಾಲು ನೆಲಕ್ಕೆ ಬಡಿಯುತ್ತದೆ. ಆಗ ಧೂಳು ಏಳಬೇಕು, ಕ್ಯಾಮೆರಾ ಕಂಪಿಸಬೇಕು, ಹಿನ್ನೆಲೆ ಮಸುಕಾಗಬೇಕು, ಬೆಳಕು ಮಿಂಚಬೇಕು, ಬಣ್ಣ ಗಾಢವಾಗಬೇಕು, ಬಲೂನುಗಳು ಅಲುಗಬೇಕು, ಊರಿನ ಹೆಸರು ದೊಡ್ಡದಾಗುತ್ತ ಮೂಡಬೇಕು. ಇವು ಏಳು ನೋಡ್‌ಗಳಲ್ಲಿ ನಡೆಯುವ ಏಳು ಚಲನೆಗಳು. ಒಂದೊಂದಕ್ಕೂ ನಾಲ್ಕು ಕೀಫ್ರೇಮ್‌ಗಳನ್ನು ಕೈಯಿಂದ ಇಟ್ಟರೆ ಒಟ್ಟು 28 ಕೀಫ್ರೇಮ್‌ಗಳಾಗುತ್ತವೆ. ಹಾಡಿನ ತಾಳಕ್ಕೆ ಹೊಂದಬೇಕಾದುದರಿಂದ ಎಲ್ಲವೂ ಆರು ಫ್ರೇಮ್ ತಡವಾಗಿ ಆರಂಭವಾಗಲಿ ಎಂಬ ಒಂದೇ ಒಂದು ಸೂಚನೆ ಬಂದರೂ 28 ಬಿಂದುಗಳನ್ನು ಏಳು ಕಡೆ ಹುಡುಕಿ ಸರಿಸಬೇಕು. ಅವುಗಳಲ್ಲಿ ಒಂದು ಉಳಿದುಹೋದರೂ ಉಳಿದ ಚಲನೆಗಳಿಗೆ ಮೊದಲೇ ಧೂಳು ಏಳಬಹುದು.

ಇದಕ್ಕೆ ಪರಿಹಾರವೆಂದರೆ ಚಲನೆಯನ್ನು ಏಳು ಕಡೆ ಇಡದೆ ಒಂದೇ ಕಡೆ ಇಡುವುದು. ಚಿತ್ರಕ್ಕೆ ಏನನ್ನೂ ಮಾಡದ, ಕೇವಲ ಸಂಖ್ಯೆಗಳನ್ನು ಹಿಡಿದಿಟ್ಟುಕೊಳ್ಳುವ ಒಂದು ನೋಡನ್ನು ಜಾಲದ ಮೇಲ್ಭಾಗದಲ್ಲಿ ಇಟ್ಟು, ಅದಕ್ಕೆ ‘ನಿಯಂತ್ರಣ’ ಎಂದು ಹೆಸರು ಕೊಡಬೇಕು. ನ್ಯೂಕ್‌ನಲ್ಲಿ ಈ ಉದ್ದೇಶಕ್ಕೆ ನೋಆಪ್ ಎಂಬ ನೋಡನ್ನು ಬಳಸುತ್ತಾರೆ; ಲೇಯರುಗಳನ್ನು ಆಧರಿಸಿದ ಆಫ್ಟರ್ ಎಫೆಕ್ಟ್ಸ್‌ನಲ್ಲಿ ನಲ್ ಆಬ್ಜೆಕ್ಟ್ ಎಂಬುದು ಹೆಚ್ಚುಕಡಿಮೆ ಇದೇ ಕೆಲಸವನ್ನು ಮಾಡುತ್ತದೆ. ಆ ನೋಡಿನಲ್ಲಿ ಆರಂಭದ ಫ್ರೇಮ್ 1040, ಅವಧಿ 25 ಫ್ರೇಮ್ ಎಂಬ ಎರಡು ಸಂಖ್ಯೆಗಳಿರುತ್ತವೆ. ಅವೆರಡರಿಂದ 1040ರವರೆಗೆ ಸೊನ್ನೆಯಾಗಿದ್ದು, ಅಲ್ಲಿಂದ ಮೃದುವಾಗಿ ಏರುತ್ತ 1065ರಲ್ಲಿ ಒಂದಾಗಿ, ಮುಂದೆ ಒಂದಾಗಿಯೇ ಉಳಿಯುವ ಮೂರನೆಯ ಬೆಲೆ ಹುಟ್ಟುತ್ತದೆ. ಅದನ್ನು ‘ಗತಿ’ ಎಂದು ಕರೆಯಬಹುದು. ಉಳಿದ ಏಳು ನೋಡ್‌ಗಳಲ್ಲಿ ಒಂದೇ ಒಂದು ಕೀಫ್ರೇಮ್ ಕೂಡ ಇರುವುದಿಲ್ಲ; ಅವುಗಳಲ್ಲಿ ಇರುವುದು ಗತಿಯನ್ನು ಓದಿ ತಮ್ಮ ಬೆಲೆಯನ್ನು ಕಂಡುಕೊಳ್ಳುವ ಸೂತ್ರಗಳು ಮಾತ್ರ. ಅಕ್ಷರದ ಗಾತ್ರವು 0.6ಕ್ಕೆ ಗತಿಯ 0.4 ಪಟ್ಟನ್ನು ಕೂಡಿದಷ್ಟು ಎಂದು ಬರೆದರೆ ಅದು ಶೇ 60ರಿಂದ ಶೇ 100ಕ್ಕೆ ಬೆಳೆಯುತ್ತದೆ. ಧೂಳಿನ ಸಾಂದ್ರತೆಯು ಗತಿಯ ಐದು ಫ್ರೇಮ್ ಹಿಂದಿನ ಬೆಲೆ ಎಂದು ಬರೆದರೆ ಪೆಟ್ಟು ಬಿದ್ದು ಸೆಕೆಂಡಿನ ಐದನೆಯ ಒಂದು ಭಾಗ ಕಳೆದ ಮೇಲೆ ಧೂಳು ಏಳತೊಡಗುತ್ತದೆ. ಆರು ಫ್ರೇಮ್ ತಡವಾಗಲಿ ಎಂಬ ಸೂಚನೆ ಬಂದರೆ 1040 ಎಂಬುದನ್ನು 1046 ಎಂದು ತಿದ್ದುವುದಷ್ಟೇ ಉಳಿದ ಕೆಲಸ. ಧೂಳು ತನ್ನ ಐದು ಫ್ರೇಮಿನ ಅಂತರವನ್ನು ಉಳಿಸಿಕೊಂಡೇ ಜೊತೆಗೆ ಸರಿಯುತ್ತದೆ.

ಕ್ಯಾಮೆರಾದ ಕಂಪನದ ಸೂತ್ರವನ್ನು ಬರೆಯುವಾಗ ಎಚ್ಚರ ಬೇಕು. ಗತಿ ಏರಿದಂತೆ ಕಂಪನ ಇಳಿಯಬೇಕೆಂದು ಒಂದರಿಂದ ಗತಿಯನ್ನು ಕಳೆದು 20 ಪಿಕ್ಸೆಲ್‌ಗಳಿಂದ ಗುಣಿಸಿದರೆ, ಪೆಟ್ಟು ಬೀಳುವುದಕ್ಕೆ ಮೊದಲು ಗತಿಯು ಸೊನ್ನೆಯಾಗಿರುವ ಕಾರಣ ಶಾಟ್‌ನ ಮೊದಲ ಫ್ರೇಮಿನಿಂದಲೇ ಕ್ಯಾಮೆರಾ ಪೂರ್ಣ ಬಲದಿಂದ ಕಂಪಿಸುತ್ತದೆ. ಗತಿಯನ್ನು ಒಂದರಿಂದ ಗತಿ ಕಳೆದ ಬೆಲೆಯಿಂದ ಗುಣಿಸಿ, ಬಂದ ಫಲವನ್ನು ನಾಲ್ಕು ಪಟ್ಟು ಮಾಡಿದರೆ ಅದು ಎರಡೂ ತುದಿಗಳಲ್ಲಿ ಸೊನ್ನೆಯಾಗಿದ್ದು ನಡುವಿನಲ್ಲಿ ಒಂದಾಗುತ್ತದೆ. ಕಂಪನದ ಬಲಕ್ಕೆ ಬೇಕಾದುದು ಈ ಆಕಾರ. ಒಂದೇ ಗತಿಯಿಂದ ಏರುವ ಚಲನೆಯನ್ನೂ, ಏರಿ ಇಳಿಯುವ ಚಲನೆಯನ್ನೂ, ತಡವಾಗಿ ಏರುವ ಚಲನೆಯನ್ನೂ ಪಡೆಯಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಮನ್ವಯವೆಂದರೆ ಎಲ್ಲವೂ ಒಂದೇ ರೀತಿ ಚಲಿಸುವುದಲ್ಲ, ಎಲ್ಲವೂ ಒಂದೇ ಮೂಲವನ್ನು ಕೇಳಿ ತಂತಮ್ಮ ಸ್ವಭಾವದಂತೆ ಚಲಿಸುವುದು.

ಒಂದು ಬೆಲೆಯಿಂದ ಇನ್ನೊಂದನ್ನು ಕಂಡುಕೊಳ್ಳುವ ಇಂಥ ಬರಹಕ್ಕೆ ತಂತ್ರಾಂಶಗಳಲ್ಲಿ ಎಕ್ಸ್‌ಪ್ರೆಷನ್ ಎಂಬ ಹೆಸರಿದೆ. ಕನ್ನಡದಲ್ಲಿ ಅದಕ್ಕೆ ಸೂತ್ರ ಎಂಬುದಕ್ಕಿಂತ ತಕ್ಕ ಪದವಿಲ್ಲ. ಗಣಿತದ ನಿಯಮವೂ ಸೂತ್ರ, ನೂಲೂ ಸೂತ್ರ, ಗೊಂಬೆಯನ್ನು ಆಡಿಸುವ ದಾರವೂ ಸೂತ್ರ. ಕುಂದಾಪುರ ಸಮೀಪದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನವು ಉಳಿಸಿ ಬೆಳೆಸಿದ ಯಕ್ಷಗಾನ ಗೊಂಬೆಯಾಟದಲ್ಲಿ ಗೊಂಬೆಯ ತಲೆ, ಕೈ, ಕಾಲುಗಳಿಗೆ ಬೇರೆ ಬೇರೆ ದಾರಗಳಿದ್ದರೂ ಅವೆಲ್ಲವೂ ಒಬ್ಬ ಆಡಿಸುವವನ ಕೈಯಲ್ಲಿ ಕೂಡುತ್ತವೆ. ಭಾಗವತನ ತಾಳ ಬದಲಾದರೆ ಆ ಕೈ ಬದಲಾಗುತ್ತದೆ, ಕೈ ಬದಲಾದರೆ ಗೊಂಬೆಯ ಸರ್ವಾಂಗವೂ ಬದಲಾಗುತ್ತದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವವನ್ನು ತಂದ ತೊಗಲುಗೊಂಬೆಯಾಟದಲ್ಲಿಯೂ ಪರದೆಯ ಹಿಂದಿನ ಗೊಂಬೆ, ದೀಪ, ಹಾಡು ಒಂದೇ ಲಯಕ್ಕೆ ಬದ್ಧವಾಗಿರುತ್ತವೆ. ಪದರ ಪದರವಾಗಿ ಚಿತ್ರಗಳನ್ನು ಜೋಡಿಸಿ ಬೆಳಕಿನಲ್ಲಿ ಆಡಿಸುವ ವಿದ್ಯೆ ಉತ್ತರ ಕರ್ನಾಟಕಕ್ಕೆ ಹೊಸತಲ್ಲ ಎಂಬುದನ್ನು ಕಲಿಕಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ನೋಡ್‌ಗಳನ್ನು ಪರಸ್ಪರ ಕಟ್ಟುವ ವಿಧಾನಗಳು ಹಲವಿದ್ದು, ಒಂದೊಂದಕ್ಕೂ ಅದರದೇ ಸಂದರ್ಭವಿದೆ. ಎರಡು ನೋಡ್‌ಗಳ ಎಲ್ಲ ಬೆಲೆಗಳೂ ಸದಾ ಒಂದೇ ಆಗಿರಬೇಕಾದಲ್ಲಿ ನ್ಯೂಕ್‌ನ ಕ್ಲೋನ್ ಅಥವಾ ಫ್ಯೂಷನ್‌ನ ಇನ್‌ಸ್ಟನ್ಸ್ ಎಂಬ ತದ್ರೂಪು ಸಾಕು. ಆದರೆ ತದ್ರೂಪಿನಲ್ಲಿ ಒಂದನ್ನು ತಿದ್ದಿದರೆ ಇನ್ನೊಂದೂ ತಿದ್ದಲ್ಪಡುವುದರಿಂದ, ಮರೆತು ಮಾಡಿದ ತಿದ್ದುಪಡಿಯು ಕಾಣದ ಮೂಲೆಯಲ್ಲಿ ಹಾನಿ ಮಾಡಬಲ್ಲದು. ಒಂದೆರಡು ಬೆಲೆಗಳಷ್ಟೇ ಸಂಬಂಧಪಡುವಲ್ಲಿ ಸೂತ್ರದ ಕೊಂಡಿ ಲೇಸು. ಒಂದು ವಸ್ತುವಿನ ಸ್ಥಾನವನ್ನು ಇನ್ನೊಂದು ಅನುಸರಿಸಬೇಕಾದಲ್ಲಿ, ಅಂದರೆ ಹೋರಿಯ ಕೊಂಬನ್ನು ಬಲೂನು ಹಿಂಬಾಲಿಸಬೇಕಾದಲ್ಲಿ, ಟ್ರ್ಯಾಕಿಂಗ್‌ನಿಂದ (ಒಂದು ಬಿಂದುವನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುವುದರಿಂದ) ಪಡೆದ ಸ್ಥಾನವನ್ನು ಒಂದೇ ನೋಡಿನಲ್ಲಿಟ್ಟು ಉಳಿದವು ಅದನ್ನು ಓದುವಂತೆ ಮಾಡಬೇಕು. ಸಿದ್ಧವಾದ ಇಡೀ ಜಾಲವನ್ನು ಮತ್ತೊಂದು ಶಾಟ್‌ನಲ್ಲಿ ಬಳಸಬೇಕಾದಲ್ಲಿ ಅದನ್ನು ಗ್ರೂಪ್ ಅಥವಾ ಮ್ಯಾಕ್ರೊ ಎಂಬ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿ, ಹೊರಗಿನವರು ತಿದ್ದಬೇಕಾದ ನಾಲ್ಕಾರು ಸಂಖ್ಯೆಗಳನ್ನು ಮಾತ್ರ ಹೊರಗೆ ಕಾಣುವಂತೆ ಇಡಬೇಕು.

ಕನ್ನಡದ ಅಕ್ಷರಗಳನ್ನು ಚಲಿಸುವಂತೆ ಮಾಡುವಾಗ ಈ ವಿದ್ಯೆಯು ಇನ್ನಷ್ಟು ಅಗತ್ಯವಾಗುತ್ತದೆ. ‘ಚಿಕ್ಕೇರೂರು’ ಎಂಬ ಹೆಸರಿನಲ್ಲಿ ಕಣ್ಣಿಗೂ ನಾಲಿಗೆಗೂ ನಾಲ್ಕೇ ಅಕ್ಷರಗಳಿವೆ: ಚಿ, ಕ್ಕೇ, ರೂ, ರು. ಆದರೆ ಯೂನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳಿರುವುದರಿಂದ ಅದೇ ಹೆಸರು ಹತ್ತು ಸಂಕೇತಗಳಾಗಿ ಸಂಗ್ರಹವಾಗಿರುತ್ತದೆ. ‘ಕ್ಕೇ’ ಒಂದಕ್ಕೇ ನಾಲ್ಕು ಸಂಕೇತಗಳು ಬೇಕು. ಅಕ್ಷರಗಳನ್ನು ಒಂದೊಂದಾಗಿ ಮೂಡಿಸುವ ಸಿದ್ಧ ಉಪಕರಣವು ಸಂಕೇತಗಳನ್ನೇ ಅಕ್ಷರಗಳೆಂದು ಎಣಿಸಿದರೆ ಒತ್ತು ಮೂಲಾಕ್ಷರದಿಂದ ಕಳಚಿಕೊಳ್ಳುತ್ತದೆ, ಏತ್ವ ಎತ್ತಲೋ ಹೋಗುತ್ತದೆ. ಇದನ್ನು ತಪ್ಪಿಸಲು ನಾಲ್ಕು ಅಕ್ಷರಗಳಿಗೆ ನಾಲ್ಕು ನೋಡ್‌ಗಳನ್ನಿಟ್ಟು, ಮೊದಲನೆಯದು ಗತಿಯನ್ನು ನೇರವಾಗಿಯೂ, ಎರಡನೆಯದು ಮೂರು ಫ್ರೇಮ್ ತಡವಾಗಿಯೂ, ಮೂರನೆಯದು ಆರು, ನಾಲ್ಕನೆಯದು ಒಂಬತ್ತು ಫ್ರೇಮ್ ತಡವಾಗಿಯೂ ಓದುವಂತೆ ಸೂತ್ರ ಬರೆಯಬಹುದು. ಆಗ ಹೆಸರು ಕನ್ನಡದ ಅಕ್ಷರಕ್ರಮದಲ್ಲಿಯೇ ಮೂಡುತ್ತದೆ. ಮೂರು ಎಂಬ ಅಂತರವನ್ನೂ ನಿಯಂತ್ರಣದ ನೋಡಿನಲ್ಲಿಯೇ ಇಟ್ಟರೆ ಲಯವನ್ನು ಬಿಗಿ ಮಾಡುವುದು, ಸಡಿಲಿಸುವುದು ಒಂದೇ ಸಂಖ್ಯೆಯ ಕೆಲಸವಾಗುತ್ತದೆ.

ಈ ಕ್ರಮವನ್ನು ಅನುಸರಿಸುವವರು ತಪ್ಪಿಸಬೇಕಾದ ದೋಷಗಳೂ ಇವೆ. ಒಂದು ನೋಡ್ ಎರಡನೆಯದನ್ನು ಓದಿ, ಎರಡನೆಯದು ಮೊದಲನೆಯದನ್ನೇ ಓದುವಂತಾದರೆ ಲೆಕ್ಕವು ಎಂದಿಗೂ ಮುಗಿಯದ ಸುತ್ತಿಗೆ ಸಿಲುಕುತ್ತದೆ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಎಂದು ಉದ್ದನೆಯ ಸರಪಳಿ ಕಟ್ಟಿದರೆ ನಡುವಿನ ಒಂದು ನೋಡನ್ನು ಅಳಿಸಿದೊಡನೆ ಮುಂದಿನವೆಲ್ಲ ದಾರ ಕಡಿದ ಗೊಂಬೆಗಳಾಗುತ್ತವೆ. ಆದ್ದರಿಂದ ಎಲ್ಲವೂ ನಿಯಂತ್ರಣದ ನೋಡನ್ನೇ ನೇರವಾಗಿ ಓದಬೇಕು. 1040ರಂಥ ಸಂಖ್ಯೆಗಳನ್ನು ಸೂತ್ರಗಳ ಒಳಗೆ ಹುದುಗಿಸಬಾರದು. ಬೇರೊಂದು ಎಣಿಕೆಯ ಶಾಟ್‌ಗೆ ಜಾಲವನ್ನು ಒಯ್ದಾಗ ಅವು ಅಲ್ಲಿಯೇ ಅಡಗಿ ಕುಳಿತಿರುತ್ತವೆ. ಎಲ್ಲಕ್ಕಿಂತ ಮುಖ್ಯವಾದುದು, ಸೂತ್ರವು ಹಿಂದಿನ ಫ್ರೇಮಿನ ಫಲವನ್ನು ನೆನಪಿಟ್ಟುಕೊಂಡು ಅದಕ್ಕೆ ಕೂಡುತ್ತ ಹೋಗುವಂಥದಾಗಿರಬಾರದು. ದೊಡ್ಡ ಸ್ಟುಡಿಯೊಗಳಲ್ಲಿ ಅಂತಿಮ ಚಿತ್ರಗಳನ್ನು ತಯಾರಿಸುವ ಕೆಲಸ, ಅಂದರೆ ರೆಂಡರಿಂಗ್, ಹಲವಾರು ಕಂಪ್ಯೂಟರ್‌ಗಳಿಗೆ ಹಂಚಿಕೆಯಾಗುತ್ತದೆ. 1087ನೆಯ ಫ್ರೇಮನ್ನು ಮಾಡುವ ಯಂತ್ರವು 1086ನೆಯದನ್ನು ನೋಡಿಯೇ ಇರುವುದಿಲ್ಲ. ಫ್ರೇಮ್ ಸಂಖ್ಯೆಯೊಂದನ್ನು ಕೊಟ್ಟರೆ ಸಾಕು, ಯಾವ ಯಂತ್ರದಲ್ಲಿ, ಎಷ್ಟನೆಯ ಸಲ ಕೇಳಿದರೂ ಸೂತ್ರವು ಅದೇ ಉತ್ತರವನ್ನು ಕೊಡಬೇಕು. ಕಂಪನಕ್ಕೆ ಬಳಸುವ ಯಾದೃಚ್ಛಿಕ ಸಂಖ್ಯೆಗಳೂ ಇದೇ ಕಾರಣಕ್ಕೆ ನಿಶ್ಚಿತ ಬೀಜಸಂಖ್ಯೆಯಿಂದ ಹುಟ್ಟಬೇಕು. ವೇಗದ ಚಲನೆಯಲ್ಲಿ ಕಾಣುವ ಮಸುಕನ್ನು, ಅಂದರೆ ಮೋಷನ್ ಬ್ಲರ್ ಅನ್ನು, ಲೆಕ್ಕ ಹಾಕುವಾಗ ತಂತ್ರಾಂಶವು 1041.25, 1041.5ರಂಥ ಭಿನ್ನ ಫ್ರೇಮ್‌ಗಳ ಬೆಲೆಯನ್ನೂ ಕೇಳುವುದರಿಂದ, ಸೂತ್ರದೊಳಗೆ ಫ್ರೇಮ್ ಸಂಖ್ಯೆಯನ್ನು ಪೂರ್ಣಾಂಕಕ್ಕೆ ಇಳಿಸಿದರೆ ಆ ಮಸುಕು ಮಾಯವಾಗುತ್ತದೆ. ಕೊನೆಯದಾಗಿ, ಬೇರೆ ತಂತ್ರಾಂಶಕ್ಕೆ ಕೆಲಸವನ್ನು ಕಳುಹಿಸುವ ಮೊದಲು ಸೂತ್ರಗಳ ಫಲವನ್ನು ಫ್ರೇಮಿಗೊಂದರಂತೆ ಕೀಫ್ರೇಮ್‌ಗಳಾಗಿ ಅಚ್ಚೊತ್ತಿ ಕೊಡಬೇಕು. ಈ ಕ್ರಿಯೆಗೆ ಬೇಕಿಂಗ್ ಎಂದು ಹೆಸರು. ಮೂಲ ಸೂತ್ರಗಳುಳ್ಳ ಫೈಲನ್ನು ಮಾತ್ರ ಬೇರೆಯಾಗಿ ಕಾಪಾಡಬೇಕು.

ಇಷ್ಟೊಂದು ಶಿಸ್ತು ಮೊಬೈಲಿನಲ್ಲಿ ನೋಡುವ ನಾಲ್ಕು ಸೆಕೆಂಡಿನ ವಿಡಿಯೊಗೆ ಬೇಕೆ ಎಂಬ ಪ್ರಶ್ನೆ ಸಹಜ. ದೃಶ್ಯಸಂಯೋಜನೆಯು ಒಬ್ಬರ ಕೆಲಸವಾಗಿ ಉಳಿಯುವುದಿಲ್ಲ ಎಂಬುದೇ ಅದಕ್ಕೆ ಉತ್ತರ. ಸ್ಟುಡಿಯೊದಲ್ಲಿ ಬೆಳಿಗ್ಗೆ ಒಬ್ಬರು ಕಟ್ಟಿದ ಜಾಲವನ್ನು ಸಂಜೆ ಇನ್ನೊಬ್ಬರು ತೆರೆಯುತ್ತಾರೆ. ಚದುರಿದ 28 ಕೀಫ್ರೇಮ್‌ಗಳು ಆ ಎರಡನೆಯವರಿಗೆ ಏನನ್ನೂ ಹೇಳುವುದಿಲ್ಲ, ಸರಿಯಾದ ಹೆಸರುಳ್ಳ ಒಂದು ನಿಯಂತ್ರಣದ ನೋಡ್ ಇಡೀ ಶಾಟ್‌ನ ಉದ್ದೇಶವನ್ನು ತಿಳಿಸುತ್ತದೆ. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಗಳಿಗಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲಿಯೇ ಮೊದಲು, 2012ರಲ್ಲಿ, ರೂಪಿಸಿದ ರಾಜ್ಯ ಕರ್ನಾಟಕ. ಈಗ 2024ರಿಂದ 2029ರವರೆಗಿನ ಮೂರನೆಯ ನೀತಿ ಜಾರಿಯಲ್ಲಿದೆ, ಬೆಂಗಳೂರಿನಲ್ಲಿ ಈ ಕ್ಷೇತ್ರಕ್ಕೆ ಮೀಸಲಾದ ಉತ್ಕೃಷ್ಟತಾ ಕೇಂದ್ರವೂ 2023ರಲ್ಲಿ ಆರಂಭವಾಗಿದೆ. ಆ ಬಾಗಿಲುಗಳ ಬಳಿಗೆ ಹಾವೇರಿ ಜಿಲ್ಲೆಯ ಹಳ್ಳಿಗಳಿಂದ ಹೋಗುವವರು ದುಬಾರಿ ಯಂತ್ರಗಳನ್ನು ಒಯ್ಯಲಾರರು; ಆದರೆ ಅಚ್ಚುಕಟ್ಟಾದ ಕೆಲಸದ ರೂಢಿಯನ್ನು ಒಯ್ಯಬಲ್ಲರು, ಅದಕ್ಕೆ ಹಣ ಬೇಕಾಗಿಲ್ಲ. ಬ್ಲೆಂಡರ್ ಉಚಿತವಾಗಿದೆ, ರಿಸಾಲ್ವ್‌ನೊಳಗಿನ ಫ್ಯೂಷನ್‌ಗೆ ಉಚಿತ ಆವೃತ್ತಿಯಿದೆ, ವಾಣಿಜ್ಯೇತರ ಕಲಿಕೆಗೆ ನ್ಯೂಕ್‌ನ ಉಚಿತ ಆವೃತ್ತಿಯೂ ಇದೆ.

ಆದುದರಿಂದ ಕಲಿಸುವವರಲ್ಲಿ ಒಂದು ವಿನಂತಿ: ಸಿದ್ಧ ಟೆಂಪ್ಲೇಟ್‌ಗಳಲ್ಲಿ ಹೆಸರು ಬದಲಿಸುವುದನ್ನು ಕಲಿಸುವ ಮೊದಲು ಒಂದು ಸಂಖ್ಯೆಯಿಂದ ಎರಡು ನೋಡ್‌ಗಳನ್ನು ಚಲಿಸುವಂತೆ ಮಾಡುವ ಪಾಠವನ್ನು ಕಲಿಸಬೇಕು, ಶಾಲೆಯಲ್ಲಿ ಓದಿದ ಬೀಜಗಣಿತಕ್ಕೂ ಪರದೆಯ ಮೇಲಿನ ಧೂಳಿಗೂ ಇರುವ ನಂಟನ್ನು ತೋರಿಸಿಕೊಡಬೇಕು. ಕಲಿಯುವವರಲ್ಲಿ ಇನ್ನೊಂದು ವಿನಂತಿ: ಬರುವ ದೀಪಾವಳಿಯ ಹೋರಿ ಹಬ್ಬಕ್ಕೆ ಸಿದ್ಧಪಡಿಸುವ ಮೊದಲ ಶಾಟ್‌ನಲ್ಲಿಯೇ ಮೊದಲ ಕೀಫ್ರೇಮ್ ಇಡುವುದಕ್ಕೆ ಮುಂಚೆ ನಿಯಂತ್ರಣದ ನೋಡನ್ನು ಇಟ್ಟು, ಅದಕ್ಕೆ ಕನ್ನಡದ ಹೆಸರನ್ನೇ ಯೋಚಿಸಿ, ಯಾವ ಚಲನೆ ಯಾವುದನ್ನು ಎಷ್ಟು ತಡವಾಗಿ ಅನುಸರಿಸಬೇಕೆಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಆಮೇಲೆ ಕೆಲಸವನ್ನು ಆರಂಭಿಸಬೇಕು. ಆ ಹಾಳೆಯನ್ನು ಪಕ್ಕದಲ್ಲಿ ಕುಳಿತು ಕಲಿಯುವವರಿಗೂ ಕೊಡಬೇಕು.

ಇಂತಿ,
ಈ ಸೀಮೆಯ ಕಲಿಕೆಯ ಹಿತವನ್ನು ಬಯಸುವ ಲೇಖಕರು,
ಚಿಕ್ಕೇರೂರು